ಇಂಜಿನ್ನಿಗೆ ನಾನು ಹಾಕಿದ ನೀರು

ಮಿಸ್ತ್ರಿ ಇಂಜಿನ್ನಿನ ಹೆಡ್ ಎತ್ತಿ ಪಕ್ಕದ ಗೋಣಿಚೀಲದ ಮೇಲಿಟ್ಟ. ಕೆಳಗೆ ಉಳಿದ ಬ್ಲಾಕಿನಲ್ಲಿ ನೀರು ಓಡಾಡಲೆಂದು ಸಣ್ಣ ಸಣ್ಣ ದಾರಿಗಳಿರುತ್ತವೆ. ಅವು ಕಾಣಲೇ ಇಲ್ಲ. ಬಿಳಿ ಪದರ ಕಟ್ಟಿ ಬಾಯಿ ಮುಚ್ಚಿಹೋಗಿದ್ದವು. ಮಿಸ್ತ್ರಿ ಸ್ಕ್ರೂಡ್ರೈವರಿನ ತುದಿಯಿಂದ ಕೆರೆದ. ಹಳೆಯ ಗೋಡೆಯ ಸುಣ್ಣದ ಹಾಗೆ ಚಕ್ಕೆಗಳು ಉದುರಿದವು. ಒಂದು ಚಕ್ಕೆಯನ್ನು ನಾಲಿಗೆಯ ತುದಿಗೆ ಹಚ್ಚಿ, ಉಗುಳಿ, ಅಣ್ಣನ ಕಡೆ ತಿರುಗಿ ಕೇಳಿದ:

“ಇಸ್ಮೆ ಖಾರಾ ಪಾನಿ ಕೌನ್ ಡಾಲ್ತಾ ಥಾ?”

ಇದಕ್ಕೆ ಉಪ್ಪುನೀರು ಹಾಕುತ್ತಿದ್ದವರು ಯಾರು ಎಂದು. ಹಾಕುತ್ತಿದ್ದವನು ನಾನು. ಅಣ್ಣನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಕೈಯಲ್ಲಿ ಬೋಲ್ಟು ತಿರುಗಿಸುವ ಪಾನಾ ಹಿಡಿದು ನಿಂತಿದ್ದೆ. ಅಣ್ಣ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ನಿಜವಲ್ಲ. ಅಣ್ಣ ಆ ಚಕ್ಕೆಯನ್ನು ಬೆರಳಿನಲ್ಲಿ ಪುಡಿ ಮಾಡುತ್ತ, ನೀರು ದಿನಾ ಮನೆಯಿಂದಲೇ ಬರುತ್ತದೆ, ನಳದ ನೀರು ಎಂದ. ಮನೆಯಲ್ಲಿ ಆ ನೀರು ತುಂಬುತ್ತಿದ್ದವಳು ವೈನಿ, ಅಣ್ಣನ ಹೆಂಡತಿ.

ನಮ್ಮದು ವಿಜಯಪುರ ಜಿಲ್ಲೆ. ಅಣ್ಣ ನನಗಿಂತ ಹನ್ನೊಂದು ವರ್ಷ ದೊಡ್ಡವನು. ಮೊದಲು ಅವನೇ ಮರಾಠಿ ಸೀಮೆಯ ಕಲ್ಯಾಣಕ್ಕೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊತ್ತ. ಅವ್ವ ತೀರಿಕೊಂಡ ಮೇಲೆ ನನ್ನನ್ನೂ ಕರೆಸಿಕೊಂಡ. ಊರಲ್ಲಿ ನಾನು ನಾಲ್ಕನೇ ಇಯತ್ತೆ ಮುಗಿಸಿದ್ದೆ. ಡೊಂಬಿವಲಿಯ ಒಂದು ಕನ್ನಡ ಶಾಲೆಗೆ ಹಾಕಿದ. ಎರಡು ವರ್ಷ ಹೋದೆ, ಆಮೇಲೆ ಹೋಗಲಿಲ್ಲ. ಅಣ್ಣ ಬೈಯಲಿಲ್ಲ. ವೈನಿ ಮಾತ್ರ ಒಂದು ವಾರ ನನ್ನನ್ನು ಮಾತಾಡಿಸದೆ ಊಟಕ್ಕೆ ಬಡಿಸಿದಳು. ನನಗೆ ತಾಯಿ ಎಂದರೆ ಆಮೇಲೆ ಅವಳೇ.

ಗಾಡಿ ಸಿಕ್ಕಿದ್ದು ಡೊಂಬಿವಲಿಯ ಕಾರ್ಖಾನೆಗಳ ಪ್ರದೇಶ ಎಂಐಡಿಸಿಯಲ್ಲಿ. ಮುಚ್ಚಿದ ಕಾರ್ಖಾನೆಯೊಂದರ ಕಂಪೌಂಡಿನಲ್ಲಿ ಮೂರು ಮಳೆಗಾಲ ನಿಂತಿತ್ತು. ಸಣ್ಣ ಪಿಕಪ್, ಹಳೆಯ ಮಾಡೆಲ್. ಕಂಪನಿಯವರು ಅದನ್ನು ಮಾಡುವುದು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಹಿಂದಿನ ತೊಟ್ಟಿಯಲ್ಲಿ ಹುಲ್ಲು ಬೆಳೆದು ಅದರಲ್ಲಿ ಬೆಕ್ಕು ಮರಿ ಹಾಕಿತ್ತು. ಅಣ್ಣ ಅದನ್ನು ಎಳೆಸಿಕೊಂಡು ಬಂದು ಎರಡು ತಿಂಗಳು ಅದರ ಅಡಿಯಲ್ಲೇ ಮಲಗಿದ್ದ ಅನ್ನಬೇಕು. ತುಕ್ಕು ಕೆರೆದ, ನೀಲಿ ಬಣ್ಣ ಹೊಡೆದ. ಗಾಡಿ ಚಾಲೂ ಆದ ದಿನ ನಾವಿದ್ದ ಸಾಲುಮನೆಗಳ ಚಾಳಿನ ಮಂದಿ ಬಂದು ನೋಡಿದರು. ಒಬ್ಬರು, ಇದು ಸ್ಮಶಾನದಿಂದ ಎದ್ದು ಬಂದಿದೆಯಲ್ಲ ಎಂದು ನಕ್ಕರು. ಅಣ್ಣನೂ ನಕ್ಕ.

ಅದರಲ್ಲಿ ನಾವು ಕಲ್ಲು ಸಾಗಿಸುತ್ತಿದ್ದೆವು. ನೆಲಕ್ಕೆ ಹಾಸುವ ಶಹಾಬಾದಿ ಫರಸಿ, ಅಡುಗೆಕಟ್ಟೆಗೆ ಹಾಕುವ ಕರಿ ಕಲ್ಲು. ಕಲ್ಯಾಣದ ಡಿಪೋದಿಂದ ಹೊರಟು ಶೀಲ್‌ಫಾಟಾ ದಾಟಿ ಘಣಸೋಲಿ, ಸೀವುಡ್ಸ್, ಎಲ್ಲಿ ಬಿಲ್ಡಿಂಗ್ ಏಳುತ್ತಿದೆಯೋ ಅಲ್ಲಿಗೆ. ಅಣ್ಣ ಓಡಿಸುತ್ತಿದ್ದ, ನಾನು ಏರಿಸಿ ಇಳಿಸುತ್ತಿದ್ದೆ. ಬೆಳಿಗ್ಗೆ ಗಾಡಿಯ ಆಯಿಲ್ ನೋಡುವುದು, ನೀರು ಹಾಕುವುದು ನನ್ನ ಕೆಲಸ.

ನೀರಿನ ವಿಷಯದಲ್ಲಿ ಅಣ್ಣನದು ಒಂದೇ ಹಟ. ಗಾಡಿಯ ರೇಡಿಯೇಟರ್ ಹಳೆಯದು, ಸೋರುತ್ತಿತ್ತು, ದಿನಕ್ಕೆ ಮೂರು ನಾಲ್ಕು ಲೀಟರ್ ಬೇಕಾಗುತ್ತಿತ್ತು. ಅದಕ್ಕೆ ಬೋರ್‌ವೆಲ್ ನೀರು ಹಾಕಕೂಡದು, ನಳದ ಸಿಹಿನೀರೇ ಆಗಬೇಕು. ನಮ್ಮ ಚಾಳಿದ್ದ ಗುಡ್ಡದ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸ್ನಾನ ಮಾಡಿದರೆ ಕೂದಲು ಅಂಟಾಗುತ್ತಿತ್ತು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ನಿಲ್ಲುತ್ತಿತ್ತು. ಪಾತ್ರೆಗೇ ಹೀಗಾದರೆ ಇಂಜಿನ್ನಿನ ಹೊಟ್ಟೆಯೊಳಗೆ ಏನಾದೀತು ಎಂದು ಅಣ್ಣ ಹೇಳುತ್ತಿದ್ದ.

ಆದರೆ ಸಿಹಿನೀರು ಬರುತ್ತಿದ್ದುದು ಬೆಳಿಗ್ಗೆ ಮುಕ್ಕಾಲು ಗಂಟೆ. ಕಲ್ಯಾಣ ಪೂರ್ವದ ಆ ಗುಡ್ಡದ ಇಳಿಜಾರಿನಲ್ಲಿ ನಲವತ್ತು ಮನೆಗೆ ಒಂದೇ ನಳ. ಅಲ್ಲಿ ಹೆಂಗಸರದೇ ಸಾಲು. ವೈನಿ ಐದೂವರೆಗೆ ಎದ್ದು ಕೊಡಗಳನ್ನಿಟ್ಟು ಜಾಗ ಹಿಡಿಯುತ್ತಿದ್ದಳು. ಮನೆಯ ಕೊಡಗಳು ತುಂಬಿದ ಮೇಲೆ ಗಾಡಿಯ ಹತ್ತು ಲೀಟರಿನ ಕ್ಯಾನು ಇಟ್ಟರೆ ಹಿಂದಿನವರು ಜಗಳ ತೆಗೆಯುತ್ತಿದ್ದರು. ಮಂದಿಗೆ ಕುಡಿಯಲು ಇಲ್ಲ, ಇವರ ಗಾಡಿಗೆ ಸಿಹಿನೀರು ಬೇಕಂತೆ ಎಂದು. ವೈನಿ ಅವರ ಮಾತೆಲ್ಲ ಕೇಳಿಸಿಕೊಂಡು ಕ್ಯಾನು ತುಂಬಿಸಿ ತಂದು ಬಾಗಿಲ ಬಳಿ ಇಡುತ್ತಿದ್ದಳು. ಒಮ್ಮೆ ಮಾತ್ರ ಬೇಸತ್ತು ಅಣ್ಣನಿಗೆ ಅಂದಿದ್ದಳು, ಮಕ್ಕಳಿಗೇ ಸಾಲುತ್ತಿಲ್ಲ, ಗಾಡಿಗೆ ಬೋರ್‌ವೆಲ್ ನೀರು ಹಾಕಿದರೆ ಏನಾಗುತ್ತದೆ ಎಂದು. ಆ ಒಂದು ಮಾತು ಅಣ್ಣನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು.

ಗಾಡಿ ನಿಲ್ಲುತ್ತಿದ್ದುದು ಗುಡ್ಡದ ಕೆಳಗೆ, ರಸ್ತೆಯ ಬದಿಗೆ. ಅಲ್ಲೇ ಒಬ್ಬ ಹೆಂಗಸಿನ ಚಹಾದ ಗಾಡಿ ಇತ್ತು; ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ ಎನ್ನುತ್ತಿದ್ದರು. ಅವಳಿಗೆ ನಳವಿಲ್ಲ. ಬೋರ್‌ವೆಲ್ ನೀರಿನಲ್ಲಿ ಚಹಾ ಮಾಡಿದರೆ ಹಾಲು ಒಡೆದ ಹಾಗಾಗಿ ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಒಂದು ದಿನ ನನ್ನ ಕ್ಯಾನು ನೋಡಿ, ಅದರಲ್ಲಿ ಸ್ವಲ್ಪ ನನಗೆ ಕೊಡು ಮಗಾ ಎಂದಳು. ಅರ್ಧ ಕೊಟ್ಟೆ. ಅವಳು ಚಹಾ ಕೊಟ್ಟಳು, ಜೊತೆಗೆ ಬೆಣ್ಣೆ ಹಚ್ಚಿದ ಪಾವು ಬ್ರೆಡ್ಡು. ಮರುದಿನವೂ ಕೊಟ್ಟೆ. ಹತ್ತು ದಿನಕ್ಕೆ ಅದು ಪೂರಾ ಕ್ಯಾನು ಆಯಿತು. ಕ್ಯಾನು ಅವಳ ಡ್ರಮ್ಮಿಗೆ ಸುರಿದು, ಪಕ್ಕದ ಬೋರ್‌ವೆಲ್ ಪಂಪಿನಲ್ಲಿ ತುಂಬಿಸಿ ಗಾಡಿಗೆ ಹಾಕುತ್ತಿದ್ದೆ. ಅಣ್ಣ ಕೆಳಗಿಳಿದು ಬರುವ ಹೊತ್ತಿಗೆ ಬಾನೆಟ್ ಮುಚ್ಚಿ ಅವಳ ಬೆಂಚಿನ ಮೇಲೆ ಕೂತು ಪಾವು ತಿನ್ನುತ್ತಿದ್ದೆ.

ಹಸಿವೆ ಇತ್ತು ಎಂದು ಹೇಳಿದರೆ ಸುಳ್ಳಾದೀತು. ವೈನಿ ರೊಟ್ಟಿ ಕಟ್ಟಿಕೊಡುತ್ತಿದ್ದಳು. ನನಗೆ ಬೇಕಿದ್ದುದು ಆ ಬೆಂಚಿನ ಮೇಲೆ ಕೂರುವುದು. ರಿಕ್ಷಾದವರು, ಕಂಪನಿಗೆ ಹೋಗುವವರು ನಿಂತು ಚಹಾ ಕುಡಿಯುವಾಗ ಮಾವಶಿ ಎಲ್ಲರಿಗಿಂತ ಮೊದಲು ನನಗೆ ಕೊಡುತ್ತಿದ್ದಳು, ಶೇಟ್ ಎಂದು ಚೇಷ್ಟೆ ಮಾಡುತ್ತಿದ್ದಳು. ಕಲ್ಲು ಹೊರುವವನಿಗೆ ಅದು ದೊಡ್ಡದು ಅನಿಸುತ್ತಿತ್ತು. ಇಂಜಿನ್ನಿಗೆ ಏನೋ ಆಗುತ್ತದೆ ಎಂದು ಗೊತ್ತಿತ್ತು. ಇವತ್ತು ಆಗುವುದಿಲ್ಲ ಎಂದೂ ಗೊತ್ತಿತ್ತು. ಹೀಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ಆಮೇಲೆ ಗಾಡಿ ಬಿಸಿಯಾಗತೊಡಗಿತು. ಶೀಲ್‌ಫಾಟಾದ ಏರಿನಲ್ಲಿ ಬಿಸಿ ತೋರಿಸುವ ಕಾಟಾ ಕೆಂಪಿಗೆ ಹೋಗುತ್ತಿತ್ತು, ಬಾನೆಟ್ಟಿನ ಸಂದಿಯಿಂದ ಹಬೆ ಬರುತ್ತಿತ್ತು. ಹೊಗೆ ನೀಲಿಯಾಯಿತು, ಆಯಿಲ್ ಕುಡಿಯತೊಡಗಿತು. ಅಣ್ಣ ರೇಡಿಯೇಟರ್ ಬದಲಿಸಿದ, ಇಂಜಿನ್ನಿನ ನೀರಿನ ಪಂಪು ಬದಲಿಸಿದ. ಸೋರುವುದು ಕಮ್ಮಿಯಾಯಿತು, ಬಿಸಿ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಠಾಣೆ-ಬೇಲಾಪುರ ರಸ್ತೆಯಲ್ಲಿ ತುಂಬಿದ ಲೋಡಿನೊಂದಿಗೆ ನಿಂತೇಹೋಯಿತು. ಅಲ್ಲಿಂದ ಎಳೆಸಿಕೊಂಡು ಆ ಮಿಸ್ತ್ರಿಯ ಗ್ಯಾರೇಜಿಗೆ ತಂದದ್ದು. ಬ್ಲಾಕಿನಲ್ಲಿ, ಎರಡು ಸಿಲಿಂಡರುಗಳ ನಡುವೆ, ಕೂದಲಿನಂಥ ಬಿರುಕು ಬಿಟ್ಟಿತ್ತು. ಇದನ್ನು ಸರಿ ಮಾಡಲು ಆಗುವುದಿಲ್ಲ, ಬೇರೆ ಇಂಜಿನ್ನೇ ಕೂರಿಸಬೇಕು ಎಂದ ಮಿಸ್ತ್ರಿ.

ಆ ಸಂಜೆ ಅಣ್ಣ ವೈನಿಯನ್ನು ಕೇಳಿದ. ಜೋರಾಗಿ ಕೇಳಲಿಲ್ಲ.

“ಕ್ಯಾನಿಗೆ ಎಲ್ಲಿ ನೀರ ಹಿಡೀತಿದ್ದಿ?”

“ನಳದಾಗ. ಮತ್ತೆಲ್ಲಿ ಹಿಡೀಲಿ?”

“ಖರೇ ಹೇಳು. ಸಾಲಿನ್ಯಾಗ ನಿಂದ್ರಾಕ ಬ್ಯಾಸರಾಗಿ ಒಂದೊಂದಿನ ಬೋರಿಂದ ತಂದಿರಬೇಕು.”

ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮಕ್ಕಳ ಆಣೆ, ನಳದ್ದೇ ಎಂದಳು. ನಾನು ಹೊಸ್ತಿಲ ಹತ್ತಿರ ಕೂತು ಚಪ್ಪಲಿಯ ಉಂಗುಷ್ಟದ ಪಟ್ಟಿ ಹೊಲಿಯುತ್ತಿದ್ದೆ. ವೈನಿ ಒಮ್ಮೆ ನನ್ನ ಕಡೆ ನೋಡಿದಳು. ಅನುಮಾನದಿಂದಲ್ಲ. ನೀನಾದರೂ ಹೇಳು, ದಿನಾ ಕ್ಯಾನು ಒಯ್ಯುವವನು ನೀನಲ್ಲವಾ ಎಂಬಂತೆ. ನಾನು ಸೂಜಿ ನೋಡಿದೆ.

ಮರುದಿನ ಬೆಳಿಗ್ಗೆ ಅಣ್ಣ ತಾನೇ ಕ್ಯಾನು ಹಿಡಿದು ನಳಕ್ಕೆ ಹೋದ. ಗಾಡಿ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿಸಿಕೊಂಡು ನಿಂತಿತ್ತು. ಆ ನೀರು ಯಾತಕ್ಕೂ ಬೇಕಿರಲಿಲ್ಲ. ಆದರೂ ಹೋಗಿ ಹೆಂಗಸರ ಸಾಲಿನಲ್ಲಿ ನಿಂತ.

ಚಾಳಿನಲ್ಲಿ ಇರುವವರಿಗೆ ಇದರ ಅರ್ಥ ಹೇಳಬೇಕಿಲ್ಲ. ಹೆಂಡತಿ ಬಾಣಂತಿಯಾಗಿದ್ದರೆ, ಊರಿಗೆ ಹೋಗಿದ್ದರೆ ಗಂಡಸು ಕೊಡ ಹಿಡಿದು ಬರುತ್ತಾನೆ, ಹೆಂಗಸರು ಜಾಗ ಬಿಟ್ಟುಕೊಟ್ಟು ಚೇಷ್ಟೆ ಮಾಡಿ ಕಳಿಸುತ್ತಾರೆ. ಇಲ್ಲಿ ಹೆಂಡತಿ ಅದೇ ಸಾಲಿನಲ್ಲಿ ತನ್ನ ಕೊಡಗಳೊಂದಿಗೆ ನಿಂತಿದ್ದಾಳೆ, ಗಂಡ ಅವಳ ಹಿಂದೆ ಬೇರೆ ಕ್ಯಾನು ಹಿಡಿದು ನಿಂತಿದ್ದಾನೆ. ಇವಳ ಕೈಯ ನೀರನ್ನು ಗಂಡ ನಂಬುವುದಿಲ್ಲ ಎಂದು ನಲವತ್ತು ಮನೆಗೆ ತಿಳಿಯಲು ಎರಡು ದಿನ ಸಾಕಾಯಿತು. ಇಂಜಿನ್ ಹಾಳಾದ ಸುದ್ದಿಯೂ ಅದಕ್ಕೆ ಸೇರಿಕೊಂಡಿತು. ಗಂಡನ ಅನ್ನದ ಗಾಡಿಗೇ ಉಪ್ಪುನೀರು ಕುಡಿಸಿದವಳು ಎಂದು ಯಾರೋ ಅಂದರಂತೆ. ಅಲ್ಲಿಯವರೆಗೆ ಹೆರಿಗೆ, ಸೀಮಂತದ ಕುಬುಸ ಏನಿದ್ದರೂ ಮೊದಲು ವೈನಿಯನ್ನು ಕರೆಯುತ್ತಿದ್ದವರು ಈಗ ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು.

ಬೇರೆ ಇಂಜಿನ್ ಹುಡುಕಲು ಹದಿನೈದು ದಿನ ಹಿಡಿಯಿತು. ಆ ಮಾಡೆಲ್ಲಿನ ಗಾಡಿಗಳೇ ಉಳಿದಿರಲಿಲ್ಲ. ಕೊನೆಗೆ ಘಣಸೋಲಿಯ ಹಳೆಯ ಊರಿನ ಹಿಂದೆ ಒಂದು ಗುಜರಿಯಲ್ಲಿ ಅಂಥದೇ ಗಾಡಿ ಸಿಕ್ಕಿತು. ಮುಂದಿನಿಂದ ಗುದ್ದಿಸಿಕೊಂಡು ಬಂದದ್ದು, ಇಂಜಿನ್ನಿಗೆ ಪೆಟ್ಟಾಗಿರಲಿಲ್ಲ. ಅಣ್ಣ ಬೇರೆ ಏನೂ ನೋಡುವ ಮೊದಲು ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಬೆರಳು ಹಾಕಿದ. ಬೆರಳು ಮೂಸಿ ನೋಡಿದ. “ಯಾವನೋ ಛಲೋ ಇಟ್ಟಾನ ತಮ್ಮಾ ಇದನ್ನ” ಎಂದ. ನಾನು ಆ ಮುಚ್ಚಳವನ್ನು ಮತ್ತೆ ಹಾಕಿ ತಿರುಗಿಸಿ ಬಿಗಿದೆ.

ಇಂಜಿನ್ ಕೂರಿಸಿದ ದಿನ ನೆನಪಿದೆ. ಮಿಸ್ತ್ರಿ ಕಬ್ಬಿಣದ ತ್ರಿಪಾದಿಗೆ ಭಾರ ಎತ್ತುವ ಚೈನ್‌ಕುಪ್ಪಿ ಕಟ್ಟಿ, ಹಳೆಯದನ್ನು ಸರಪಳಿಯಲ್ಲಿ ಎತ್ತಿದ. ಅಣ್ಣ ಗಾಡಿಯನ್ನು ಹಿಂದಕ್ಕೆ ದೂಡಿದ. ಹಳೆಯ ಇಂಜಿನ್ ಗಾಳಿಯಲ್ಲಿ ತಿರುಗುತ್ತ ನೇತಾಡುತ್ತಿತ್ತು, ಅದರ ಹೊಟ್ಟೆಯಿಂದ ಆಯಿಲ್ ಸೇರಿದ ಕಂದು ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ನೆಲಕ್ಕಿಳಿಸುವಾಗ ಹಿಡಿದುಕೊಂಡವನು ನಾನು. ಹೊಸದನ್ನು ಇಳಿಸುವಾಗ ಅಣ್ಣ ಗಾಡಿಯ ಕೆಳಗೆ ಮಲಗಿ, ಇಷ್ಟು ಎಡಕ್ಕೆ, ಇಷ್ಟು ಮುಂದಕ್ಕೆ ಎಂದು ಕೂಗುತ್ತಿದ್ದ. ಗೇರ್‌ಬಾಕ್ಸಿನ ತುದಿ ಕೂರುತ್ತಿರಲಿಲ್ಲ. ಮೂರು ಸಲ ಎತ್ತಿ ಮೂರು ಸಲ ಇಳಿಸಿದೆವು. ನಾಲ್ಕನೆಯ ಸಲ ಸದ್ದಿಲ್ಲದೆ ಕೂತಿತು. ಬೋಲ್ಟುಗಳನ್ನು ಬಿಗಿದು, ಪೈಪುಗಳನ್ನು ಜೋಡಿಸಿ, ಅಣ್ಣ ತಾನು ಹಿಡಿದು ತಂದ ಕ್ಯಾನಿನ ನೀರನ್ನು ತಾನೇ ಸುರಿದ. ನಾನು ಕೈ ಚಾಚಿದ್ದೆ. “ಬ್ಯಾಡ, ನಾ ಹಾಕ್ತೀನಿ” ಎಂದ. ನನ್ನ ಮೇಲೆ ಸಂಶಯದಿಂದ ಅಂದದ್ದಲ್ಲ. ಇನ್ನು ಯಾರ ಕೈಗೂ ಬಿಡಬಾರದು ಎಂದು ಅವನು ತೀರ್ಮಾನಿಸಿದ್ದ ಅಷ್ಟೆ.

ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಗಾಡಿ ಹತ್ತಿಕೊಂಡಿತು. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ನಕ್ಕ. ಅಣ್ಣ ನಗಲಿಲ್ಲ.

ಬೇರೆ ಇಂಜಿನ್ ಕೂರಿಸಿದ ಮೇಲೆ ಸ್ವಲ್ಪ ದಿನ ಲೋಡಿಲ್ಲದೆ ಮೆಲ್ಲಗೆ ಓಡಿಸಬೇಕು ಎಂದಿದ್ದ ಮಿಸ್ತ್ರಿ. ನಾವಿಬ್ಬರೂ ಖಾಲಿ ಗಾಡಿಯಲ್ಲಿ ಕಲ್ಯಾಣದಿಂದ ಠಾಣೆ ಶಹರದವರೆಗೆ ಹೋಗಿ ಬರುತ್ತಿದ್ದೆವು. ಒಂದು ದಿನ ಕಡಲ ಖಾಡಿಯ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಾಗ ಅಣ್ಣ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಹೇಳಿದ:

“ಇಂಜಿನ್ ಹೋದದ್ದು ದೊಡ್ಡದಲ್ಲ ತಮ್ಮಾ. ಮಕ್ಕಳ ಆಣಿ ಹಾಕಿ ಸುಳ್ಳ ಹೇಳಿದ್ಲಲ್ಲ. ಇದ್ರಾಗ ಹೇಳಿದಾಕಿ ಇನ್ನ ಯಾತ್ಯಾತ್ರಾಗ ಹೇಳ್ಯಾಳೋ.”

ನಾವಿಬ್ಬರೇ ಇದ್ದೆವು. ಮುಂದೆ ಸಾಲು ಅಲ್ಲಾಡುತ್ತಿರಲಿಲ್ಲ. ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುತ್ತಿರಲಿಲ್ಲ. ನಾನು, ಹೋಗಲಿ ಬಿಡಣ್ಣಾ, ಹೆಂಗಸರು ಎಂದೆ. ಆ ಎರಡು ಮಾತು ನಾನೇ ಆಡಿದ್ದು. ಸುಮ್ಮನಿದ್ದದ್ದಕ್ಕಿಂತ ಅದೇ ಹೆಚ್ಚು ಚುಚ್ಚುತ್ತದೆ. ಸುಮ್ಮನಿದ್ದಾಗ ನಾನು ತಪ್ಪು ಮುಚ್ಚಿಟ್ಟಿದ್ದೆ. ಅವತ್ತು ಅದನ್ನು ನನ್ನ ಕೈಯಾರೆ ವೈನಿಯ ತಲೆಗೆ ಕಟ್ಟಿದೆ.

ವೈನಿಗೆ ನಿಜ ತಿಳಿದದ್ದು ಮಾವಶಿಯಿಂದಲೇ. ಈಗ ಕ್ಯಾನು ತರುತ್ತಿದ್ದವನು ಅಣ್ಣನಾದ್ದರಿಂದ ಮಾವಶಿಗೆ ನೀರು ಹೋಗುವುದು ನಿಂತಿತ್ತು. ಒಂದು ದಿನ ಅವಳು ಗುಡ್ಡ ಹತ್ತಿ ಬಂದು ವೈನಿಯನ್ನೇ ಕೇಳಿದಳಂತೆ, ನಿನ್ನ ಮೈದುನ ಎಷ್ಟು ಒಳ್ಳೆಯ ಹುಡುಗ, ದಿನಾ ಪೂರಾ ಕ್ಯಾನು ಕೊಡುತ್ತಿದ್ದ, ಈಗ ಯಾಕೆ ನಿಲ್ಲಿಸಿದಿರಿ ಎಂದು. ಪಾಪ, ಅವಳಿಗೆ ನಾನು ನೀರು ಮನೆಯಲ್ಲಿ ಕೇಳಿಯೇ ಕೊಡುತ್ತೇನೆ ಎಂದು ಹೇಳಿದ್ದೆ.

ವೈನಿ ಅಣ್ಣನಿಗೆ ಹೇಳಲಿಲ್ಲ. ನಾನೇ ಹೇಳಲಿ ಎಂದು ಕಾದಳು. ಎಂಟು ದಿನ ಕಾದಳೆಂದು ಆಮೇಲೆ ಗೊತ್ತಾಯಿತು. ಒಂಬತ್ತನೆಯ ದಿನ ಅಣ್ಣ ಇಲ್ಲದಾಗ ನನ್ನ ಮುಂದೆ ಕೂತಳು. ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

“ಚಹಾ ಬೇಕಾಗಿದ್ರ ನನ್ನ ಕೇಳಬೇಕಿತ್ತಲ್ಲೋ ತಮ್ಮಾ.”

ನಾನು ಕಾಲು ಹಿಡಿಯಲು ಹೋದೆ. ಕಾಲು ಹಿಂದಕ್ಕೆಳೆದುಕೊಂಡಳು. ಅಣ್ಣನಿಗೆ ಇವತ್ತೇ ಹೇಳುತ್ತೇನೆ ವೈನಿ ಎಂದೆ.

“ನಿಮ್ಮಣ್ಣಗ ಹೇಳಿದ್ರ ನಿಮ್ಮಣ್ಣಗ ಗೊತ್ತಾಗತೈತಿ. ನನ್ನ ಮಾನ ಹೋಗಿದ್ದು ಮನ್ಯಾಗಲ್ಲ. ನಳದ ಮುಂದ ಹೋಗೇತಿ. ಅಲ್ಲಿ ನಿಂತು ಹೇಳು.”

ಒಪ್ಪಿಕೊಂಡೆ. ಮರುದಿನ ಐದೂ ಮುಕ್ಕಾಲಿಗೆ ನಳಕ್ಕೆ ಹೋದೆ. ಇಪ್ಪತ್ತು ಇಪ್ಪತ್ತೈದು ಹೆಂಗಸರಿದ್ದರು. ನಮ್ಮ ಕಡೆಯವರು, ಮರಾಠಿಯವರು, ಕೆಳಗಿನ ಸಾಲುಮನೆಗಳ ಹಿಂದಿ ಮಾತಾಡುವ ಉತ್ತರದವರು. ಅಣ್ಣ ಕ್ಯಾನು ಹಿಡಿದು ಗೋಡೆಗೊರಗಿ ನಿಂತಿದ್ದ. ವೈನಿ ನಾಲ್ಕನೆಯವಳು. ನನ್ನನ್ನು ನೋಡಿ ಅವಳು ಕೊಡವನ್ನು ಕೆಳಗಿಟ್ಟು ಸೆರಗು ಸರಿ ಮಾಡಿಕೊಂಡಳು. ಮದುವೆ ಮನೆಯಲ್ಲಿ ಉಡುಗೊರೆಗೆ ಹೆಸರು ಕೂಗುವ ಮೊದಲು ಮಾಡಿಕೊಳ್ಳುತ್ತಾರಲ್ಲ, ಹಾಗೆ.

ಒಬ್ಬ ಮುದುಕಿ, ಏನೋ, ಇವತ್ತು ನೀನೂ ಬಂದೆಯಾ, ನಿಮ್ಮ ಮನೆಯ ಗಂಡಸರೆಲ್ಲ ನೀರಿಗೇ ಬರುತ್ತೀರಾ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಏನೋ ಹೇಳುತ್ತೇನೆಂದು ಕಾದರು. ನನ್ನ ಬಾಯಿಂದ ಬಂದದ್ದು ಇಷ್ಟು:

“ಇವತ್ತ ನೀರ ಸಣ್ಣಗ ಬರಾಕತ್ತೈತಿ.”

ಹೌದು, ಸಣ್ಣಗೇ ಬರುತ್ತಿದೆ ಎಂದು ಯಾರೋ ಅಂದರು. ನಾನು ಗುಡ್ಡ ಇಳಿದು ಹೋದೆ. ವೈನಿಯ ಕಡೆ ನೋಡಲಿಲ್ಲ. ನೋಡದೆಯೂ ಅವಳು ಕೊಡ ಎತ್ತಿಕೊಂಡದ್ದು ಕೇಳಿಸಿತು.

ಅಣ್ಣನಿಗೆ ಹೇಳಿದ್ದು ಆರು ತಿಂಗಳ ಮೇಲೆ, ಸೀವುಡ್ಸ್‌ನಲ್ಲಿ ಒಂದು ಬಿಲ್ಡಿಂಗಿನ ಕೆಳಗೆ ಕಲ್ಲು ಇಳಿಸಿ ಮುಗಿದ ಮೇಲೆ. ಹೊಡೆಯಬಹುದು ಅಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಗಾಡಿಯ ಟೈರಿಗೆ ಒರಗಿ ಕೂತ. ಆಮೇಲೆ, “ನಾ ಅಷ್ಟ ಮಂದಿ ನಡುವ ಆಕಿ ಹಿಂದ ಹೋಗಿ ನಿಂತೆ” ಎಂದ. ನನ್ನ ಬಗ್ಗೆ ಒಂದು ಮಾತೂ ಇಲ್ಲ.

ಮರುದಿನದಿಂದ ಅವನು ನಳಕ್ಕೆ ಹೋಗುವುದನ್ನು ನಿಲ್ಲಿಸಿದ. ವೈನಿಯ ಹತ್ತಿರ ಏನು ಹೇಳಿಕೊಂಡನೋ ನನಗೆ ತಿಳಿಯದು. ಚಾಳಿನವರು ಮಾತ್ರ, ಅಂತೂ ಗಂಡ ಕ್ಷಮಿಸಿದ ಎಂದು ತಿಳಿದುಕೊಂಡರು. ಅವಳ ಮೇಲಿನ ಮಾತು ಹೋಗಲಿಲ್ಲ, ಹಳೆಯದಾಯಿತು. ನಳದ ಮುಂದೆ ಹೇಳೋಣವಾ ಎಂದು ನಾನು ಅಣ್ಣನನ್ನು ಕೇಳಿದ್ದೆ. ಮನೆಯ ಮಾತು ಮಂದಿಗೆ ಯಾಕೆ, ಮತ್ತೆ ನಗುತ್ತಾರೆ ಎಂದ. ಅವನು ಹಾಗೆ ಅಂದದ್ದು ನನಗೆ ಹಗುರವೆನಿಸಿತು. ಬೇಡ ಎಂದವನು ಅವನು, ನಾನಲ್ಲ ಎಂದು ಅದನ್ನೇ ಹಿಡಿದುಕೊಂಡೆ.

ಆ ಇಂಜಿನ್ ಆರು ವರ್ಷ ಓಡಿತು. ಒಂದು ದಿನವೂ ಬಿಸಿಯಾಗಲಿಲ್ಲ. ಕೊನೆಗೆ ವಯಸ್ಸು ಮೀರಿತೆಂದು ಗಾಡಿಗೆ ರಸ್ತೆಯಲ್ಲಿ ಓಡಲು ಬೇಕಾದ ಪಾಸಿಂಗ್ ಸಿಗಲಿಲ್ಲ, ಗುಜರಿಗೆ ಕೊಟ್ಟೆವು. ಅಣ್ಣ ಈಗ ಬೇರೆಯವರ ಗಾಡಿ ಓಡಿಸುತ್ತಾನೆ. ನಾನು ಮದುವೆಯಾಗಿ ಘಣಸೋಲಿಯಲ್ಲಿದ್ದೇನೆ. ಗುಡ್ಡದ ಮೇಲೆ ಮನೆಮನೆಗೂ ಪೈಪು ಬಂದು ಆ ಸಾಮೂಹಿಕ ನಳ ತೆಗೆದು ಎಷ್ಟೋ ಕಾಲವಾಯಿತು. ಸಾಲಿನಲ್ಲಿ ನಿಲ್ಲುತ್ತಿದ್ದವರು ಕೆಲವರು ಊರಿಗೆ ಹೋದರು, ಕೆಲವರು ತೀರಿಕೊಂಡರು. ಈಗ ಹೇಳುತ್ತೇನೆ ಅಂದರೂ ಕೇಳುವವರು ಅಲ್ಲಿಲ್ಲ. ಇದನ್ನು ಬರೆಯಲು ಕೂತದ್ದು ಅದಕ್ಕೇ. ವೈನಿಗೆ ಓದು ಬರುವುದಿಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ ಎಂಬುದನ್ನೂ ಹೇಳಿಬಿಡಬೇಕು.

ವೈನಿ ನನ್ನನ್ನು ಮಾತಾಡಿಸುತ್ತಾಳೆ. ಹೋದರೆ ರೊಟ್ಟಿ ಮಾಡುತ್ತಾಳೆ, ಮಕ್ಕಳ ಶಾಲೆ ಕೇಳುತ್ತಾಳೆ. ಆದರೆ ಮೊದಲು ಮಾತುಮಾತಿಗೆ, ತಮ್ಮಾ ಅದನ್ನ ತಾ, ತಮ್ಮಾ ಇದನ್ನ ಒಯ್ದುಕೊಡು ಎನ್ನುತ್ತಿದ್ದವಳು ನಳದ ಮುಂದಿನ ಆ ಬೆಳಿಗ್ಗೆಯಿಂದ ನನಗೆ ಒಂದೇ ಒಂದು ಕೆಲಸ ಹೇಳಿಲ್ಲ. ಹೋದ ತಿಂಗಳು ಹೋದಾಗ ಅವಳು ಗಿರಣಿಯಿಂದ ಜೋಳದ ಹಿಟ್ಟಿನ ಡಬ್ಬಿ ಹೊತ್ತು ಗುಡ್ಡ ಏರುತ್ತಿದ್ದಳು. ಮಂಡಿ ನೋವಿನಿಂದ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ನಾನು ಓಡಿಹೋಗಿ ಡಬ್ಬಿಗೆ ಕೈ ಹಾಕಿದೆ.

“ಇರ್ಲಿ ಬಿಡು” ಎಂದಳು. ಸಿಟ್ಟಿರಲಿಲ್ಲ. ಡಬ್ಬಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಮುಂದೆ ನಡೆದಳು. ನಾನು ಬರಿಗೈಯಲ್ಲಿ ಅವಳ ಹಿಂದೆ ಮನೆಯವರೆಗೆ ಹೋದೆ.